ನಾನೂರು ಭಾನುವಾರ ಓಡಿದ ಕಾರು

ಕಾಟಿಪಳ್ಳದ ನೋಣಯ್ಯನಿಗೆ ನಾನೂರು ಭಾನುವಾರದ ಸಂಬಳ ಬರಬೇಕು. ಇವತ್ತಿನವರೆಗೆ ಬಂದಿಲ್ಲ. ಕೊಡಬೇಕಾದವರು ಕೊಡಿಯಾಲ್‌ಬೈಲಿನ ಒಂದು ಫ್ಲಾಟಿನ ಮೂರನೇ ಮಾಳಿಗೆಯ ಲೋಕನಾಥರು. ಇಬ್ಬರೂ ಬದುಕಿದ್ದಾರೆ, ಇಬ್ಬರ ನೆನಪೂ ಗಟ್ಟಿ ಉಂಟು. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಈ ಊರಿನಲ್ಲಿ ಧಣಿ ಒಂದು ಧರ್ಮ, ಆಳು ಇನ್ನೊಂದು ಧರ್ಮ ಆದರೆ ಸಂಬಳದ ಮಾತು ಸಂಜೆಯೊಳಗೆ ಬೇರೆಯೇ ಮಾತಾಗುತ್ತದೆ. ಇವರಿಬ್ಬರದ್ದು ಒಂದೇ ಜಾತಿ, ನಂಬುವ ದೈವವೂ ಒಂದೇ. ಹಾಗಾಗಿ ಸಂಬಳದ ಮಾತು ಸಂಬಳದ ಮಾತಾಗಿಯೇ ಉಳಿದಿದೆ. ಸಂಬಳ ಮಾತ್ರ ಬಂದಿಲ್ಲ.

ನೋಣಯ್ಯನಿಗೆ ಈಗ ಐವತ್ತೆಂಟು. ಅಪ್ಪನ ಗದ್ದೆ ಬಂದರು ಕಟ್ಟಲಿಕ್ಕೆ ಹೋಯಿತು, ಬದಲಿಗೆ ಕಾಟಿಪಳ್ಳದಲ್ಲಿ ಒಂದು ಸೈಟು ಸಿಕ್ಕಿತು. ಆ ಸೈಟಿನಲ್ಲಿ ಬೆಳೆದ ಹುಡುಗ ಸುರತ್ಕಲ್ ಲೈನಿನ ಬಸ್ಸಿನಲ್ಲಿ ಮೊದಲು ಕಂಡಕ್ಟರ್ ಆದ, ಆಮೇಲೆ ಡ್ರೈವರ್ ಆದ. ಬೋನಸ್ ಕೇಳಿ ನಾವು ಯೂನಿಯನಿನವರು ಹನ್ನೊಂದು ದಿನ ಬಸ್ಸು ನಿಲ್ಲಿಸಿದಾಗ ಅವನು ಎದುರಿನ ಸಾಲಿನಲ್ಲಿದ್ದ. ಹನ್ನೆರಡನೇ ದಿನ ಎಲ್ಲರಿಗೂ ಬೋನಸ್ ಸಿಕ್ಕಿತು, ನೋಣಯ್ಯನೊಬ್ಬನನ್ನು ಬಿಟ್ಟು. ಅವನ ಬಸ್ಸಿನ ಸೀಟಿನಲ್ಲಿ ಬೇರೆ ಡ್ರೈವರ್ ಕೂತಿದ್ದ. ಆಮೇಲೆ ಕೆಲವು ವರ್ಷ ಮೀನಿನ ಲಾರಿ, ಕೆಲವು ವರ್ಷ ಶಾಲೆಯ ವ್ಯಾನು. ಕಡೆಗೆ ಮನೆ ಡ್ರೈವರ್. ಮನೆ ಡ್ರೈವರುಗಳಿಗೆ ಯೂನಿಯನ್ ಕಟ್ಟಲಿಕ್ಕೆ ನಾವು ಎರಡು ಸಲ ಹೊರಟದ್ದುಂಟು. ಮೀಟಿಂಗು ಭಾನುವಾರ ಇಡುತ್ತಿದ್ದೆವು. ಒಬ್ಬನೂ ಬರುತ್ತಿರಲಿಲ್ಲ. ಯಾಕೆ ಅಂತ ನಮಗೆ ತಡವಾಗಿ ಗೊತ್ತಾಯಿತು.

ಲೋಕನಾಥರು ಮಸ್ಕತ್ತಿನಲ್ಲಿ ಇಪ್ಪತ್ತೆಂಟು ವರ್ಷ ಅಲ್ಯೂಮಿನಿಯಂ ಕಿಟಕಿಯ ಕಾಂಟ್ರಾಕ್ಟ್ ಮಾಡಿದವರು. ಊರಿಗೆ ಬಂದು ಹೊಸ ಡೀಸೆಲ್ ಕಾರು ತೆಗೆದರು. ನಾಲ್ಕನೇ ದಿನ ಪಿವಿಎಸ್ ಸರ್ಕಲಿನಲ್ಲಿ ಮಸ್ಕತ್ತಿನ ಅಭ್ಯಾಸದಲ್ಲಿ ಬಲಗಡೆಯಿಂದ ತಿರುಗಿಸಿದರು. ಎದುರು ಬಂದ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ, ಇಳಿದ, ತುಳುವಿನಲ್ಲಿ ಇವರ ವಂಶವನ್ನು ವಿಚಾರಿಸಿದ. ಆವತ್ತೇ ಲೋಕನಾಥರು ಸ್ಟೀರಿಂಗ್ ಬಿಟ್ಟರು. ಅವರ ಹೆಂಡತಿ ಉಮಾವತಿ ಡ್ರೈವಿಂಗ್ ಸ್ಕೂಲಿಗೆ ನಾಲ್ಕು ಸಲ ಹೋಗಿದ್ದರು. ನಾಲ್ಕು ಸಲವೂ ಏರಿನಲ್ಲಿ ನಿಲ್ಲಿಸಿದ ಕಾರು ಹಿಂದಕ್ಕೆ ಜಾರಿತು. ಮಂಗಳೂರಿನಲ್ಲಿ ಏರು ಬೇಡ ಅಂದರೆ ಕಾರು ಬಿಡಲಿಕ್ಕೆ ಸಮುದ್ರವೇ ಗತಿ. ಅವರೂ ಆಸೆ ಬಿಟ್ಟರು. ಹೀಗೆ ನೋಣಯ್ಯ ಆ ಮನೆಗೆ ಬಂದ.

ಒಪ್ಪಂದ ಬಾಯಿಮಾತಿನದ್ದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಭಾನುವಾರ ರಜೆ. "ಮತ್ತೆ ನನ್ನನ್ನು ಸರ್ ಅಂತ ಎಲ್ಲ ಕರೀಬೇಡ ಮಾರಾಯ, ಲೋಕಣ್ಣ ಅನ್ನು" ಎಂದರು ಲೋಕನಾಥರು. ಸರ್ ಅಂದರೆ ಸಂಬಳದ ನೆನಪಾಗುತ್ತದೆ. ಅಣ್ಣ ಅಂದರೆ ಆಗುವುದಿಲ್ಲ.

ಮೊದಲ ವಾರವೇ ಉಮಾವತಿಯವರ ಅಕ್ಕನಿಗೆ ಮುಲ್ಕಿಯಲ್ಲಿ ಹುಷಾರು ತಪ್ಪಿತು. "ಇದೊಂದು ಭಾನುವಾರ ಬಾ" ಎಂದರು. ಹೋದ. ಅಕ್ಕ ಮುಂದಿನ ವಾರ ಗುಣವಾದರು. ಭಾನುವಾರ ಗುಣವಾಗಲಿಲ್ಲ.

ಆ ಭಾನುವಾರದ ಚಂದ ಕೇಳಿ. ನೋಣಯ್ಯ ಬೆಳಿಗ್ಗೆ ಕಾಟಿಪಳ್ಳದಿಂದ ಬಸ್ಸು ಹತ್ತಿ ಕೊಡಿಯಾಲ್‌ಬೈಲಿಗೆ ಬರುವುದು. ಕಾರು ತೆಗೆದು, ಗಂಡ ಹೆಂಡತಿಯನ್ನು ಕೂರಿಸಿ, ಬಂದ ದಾರಿಯಲ್ಲೇ ವಾಪಸು ಹೋಗಿ, ತನ್ನ ಮನೆಯ ಕಡೆ ತಿರುಗುವ ಸುರತ್ಕಲ್ ದಾಟಿ ಮುಲ್ಕಿಗೆ ಬಿಡುವುದು. ಅಲ್ಲಿ ಅವರು ಊಟ ಮಾಡಿ ಮಲಗಿ ಎದ್ದು ಚಾ ಕುಡಿದ ಮೇಲೆ ಮತ್ತೆ ಸುರತ್ಕಲ್ ದಾಟಿ ಕೊಡಿಯಾಲ್‌ಬೈಲಿಗೆ ತರುವುದು. ಕೀ ಕೊಟ್ಟು, ಬಸ್ಸು ಹತ್ತಿ, ಸುರತ್ಕಲಿಗೆ ಬರುವುದು. ಒಂದೇ ದಿನ ತನ್ನ ಮನೆಯ ದಾರಿಯ ಬಾಯಿಯನ್ನು ನಾಲ್ಕು ಸಲ ನೋಡಿ, ಕೊನೆಯ ಸಲ ಮಾತ್ರ ಇಳಿಯುವುದು.

ಕೇಳಲಿಲ್ಲವಾ ಅಂದರೆ, ಕೇಳಿದ್ದ. ಮೂರು ಸಲ. ಮೊದಲ ಸಲ ಲೋಕನಾಥರು "ನೋಡುವಾ" ಎಂದರು. ಎರಡನೇ ಸಲ ಚೌತಿಗೆ ಒಂದು ಶರ್ಟ್ ಪೀಸು ಕೊಟ್ಟರು. ಮೂರನೇ ಸಲ, "ನಿನ್ನನ್ನು ನಾವು ಡ್ರೈವರ್ ಅಂತ ನೋಡಿದ್ದುಂಟಾ?" ಎಂದು ಬೇಸರ ಮಾಡಿಕೊಂಡರು. ನೋಡಿರಲಿಲ್ಲ, ನಿಜ. ನೋಡಿದ್ದರೆ ದುಡ್ಡು ಕೊಡಬೇಕಾಗುತ್ತಿತ್ತು.

ಹೀಗೆ ಒಂಬತ್ತು ವರ್ಷ ಹೋಯಿತು. ಡೀಸೆಲ್ ಕಾರು ಕೆಮ್ಮಲಿಕ್ಕೆ ಶುರು ಮಾಡಿತು. ಮಸ್ಕತ್ತಿನಲ್ಲೇ ಕೆಲಸದಲ್ಲಿರುವ ಮಗ ಮುಖೇಶ ಒಂದು ಸಂಜೆ ವೀಡಿಯೊ ಕಾಲಿನಲ್ಲಿ ಬಂದ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಇಟ್ಟಿದ್ದರು. ಕೀ ಕೊಡಲಿಕ್ಕೆ ಮೇಲೆ ಬಂದ ನೋಣಯ್ಯ ಬಾಗಿಲ ಹತ್ತಿರ ನಿಂತಿದ್ದ.

"ಪಪ್ಪಾ, ಎಲೆಕ್ಟ್ರಿಕ್ಕೇ ತೆಗೀರಿ. ಸಣ್ಣದ್ದು ಬೇಡ. ಒಂದು ಚಾರ್ಜಿಗೆ ಐನೂರು ಕಿಲೋಮೀಟರ್ ಹೋಗ್ಬೇಕು. ಇಪ್ಪತ್ತೊಂದು ಲಕ್ಷ ಆಗ್ತದೆ, ಆಗ್ಲಿ."

"ಐನೂರು ಎಂತಕ್ಕೆ?" ಎಂದರು ಉಮಾವತಿ.

"ಶಿರಡಿಗೆ ಹೋಗ್ಬೇಕು ಅಂತ ನೀವೇ ಹೇಳಿದ್ದಲ್ವಾ ಮಮ್ಮಿ."

"ಅದು ಹತ್ತು ವರ್ಷದಿಂದ ಹೇಳ್ತಾ ಇದ್ದೇನೆ. ಹೋಗಿದ್ದೇವಾ?"

"ದಾರಿಯಲ್ಲಿ ಚಾರ್ಜ್ ಮುಗಿದ್ರೆ?"

"ಯಾವ ದಾರಿಯಲ್ಲಿ? ನಿನ್ನ ಪಪ್ಪ ಮೈದಾನಕ್ಕೆ ವಾಕಿಂಗ್ ಹೋಗುವುದು ಕಾರಿನಲ್ಲಿ. ಅದು ಒಂದೂವರೆ ಕಿಲೋಮೀಟರ್."

ಲೋಕನಾಥರು ಗಂಟಲು ಸರಿ ಮಾಡಿಕೊಂಡರು. "ನೋಣಯ್ಯ, ನಮ್ಮ ಕಾರು ಒಟ್ಟು ಎಷ್ಟು ಓಡಿದೆ?"

"ಐವತ್ತನಾಲ್ಕು ಸಾವಿರ, ಲೋಕಣ್ಣ."

"ಅಷ್ಟೇಯಾ?"

"ಅಷ್ಟೇ. ನನ್ನ ಬಸ್ಸು ಒಂದು ವರ್ಷದಲ್ಲಿ ಅದಕ್ಕಿಂತ ಜಾಸ್ತಿ ಓಡ್ತಿತ್ತು."

ಲೋಕನಾಥರು ಕಾಂಟ್ರಾಕ್ಟರ್ ಮನುಷ್ಯ. ಎಸ್ಟಿಮೇಟ್ ಅಂದರೆ ಅವರಿಗೆ ಮುಖ ಅರಳುತ್ತದೆ. ಕನ್ನಡಕ ಹಾಕಿ, ಹಾಲಿನವನ ಕ್ಯಾಲೆಂಡರಿನ ಹಾಳೆ ತಿರುಗಿಸಿ ಬರೆಯಲಿಕ್ಕೆ ಕೂತರು. "ದೂರ ಅಂತ ಹೋಗುವುದು ಭಾನುವಾರ ಮುಲ್ಕಿಗೆ ಮಾತ್ರ. ಹೋಗಿ ಬರಲಿಕ್ಕೆ ಅರುವತ್ತು. ಕೊರೋನದ್ದು, ನಾವು ಮಸ್ಕತ್ತಿಗೆ ಹೋದದ್ದು ಎಲ್ಲ ಕಳೆದು ವರ್ಷಕ್ಕೆ ನಲ್ವತ್ತನಾಲ್ಕು ಭಾನುವಾರ ಹಿಡಿ. ಒಂಬತ್ತು ವರ್ಷಕ್ಕೆ ಎಷ್ಟಾಯ್ತು? ನಾನೂರು. ನಾನೂರು ಅರುವತ್ತಲ ಇಪ್ಪತ್ತನಾಲ್ಕು ಸಾವಿರ. ಉಳಿದದ್ದು ಮೂವತ್ತು ಸಾವಿರ. ದಿನಕ್ಕೆ ಹಾಕಿದ್ರೆ..." ಪೆನ್ನು ಓಡಿತು. "ಹನ್ನೊಂದು ಕಿಲೋಮೀಟರ್ ಸಹ ಇಲ್ಲ ಮಾರಾಯ!"

ಅತ್ತಾವರದಲ್ಲಿ ಸಕ್ಕರೆ ಪರೀಕ್ಷೆ, ಮಾರ್ಕೆಟ್ಟು, ಬ್ಯಾಂಕು, ಮೈದಾನ. ಹನ್ನೊಂದು ಕಿಲೋಮೀಟರ್ ಅಂದರೆ ಅಷ್ಟೇ.

ಎಸ್ಟಿಮೇಟ್ ಸರಿಯಾಗಿತ್ತು. ಅದರಲ್ಲಿ ಇನ್ನೂ ಒಂದು ವಿಷಯ ಇತ್ತು. ಕಾರು ಓಡಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ನೋಣಯ್ಯನ ರಜೆಯಲ್ಲಿ ಓಡಿದ್ದು. ಅದನ್ನು ಲೋಕನಾಥರು ತಮ್ಮ ಕೈಯಾರೆ ಬರೆದರು, ಬಾಯಾರೆ ಓದಿದರು, ಖುಷಿಪಟ್ಟರು. ಬಾಗಿಲ ಹತ್ತಿರ ನಿಂತವನಿಗೆ ಕೇಳಿಸಿತು. ಕೀ ಇಟ್ಟು ಕೆಳಗೆ ಇಳಿದ. ಬ್ಯಾಟರಿಯ ಲೆಕ್ಕಕ್ಕೆ ಭಾನುವಾರ ಬಂತು, ಸಂಬಳದ ಲೆಕ್ಕಕ್ಕೆ ಬರಲಿಲ್ಲ ಅಂತ ಮಾರನೇ ದಿನ ನನ್ನ ಹತ್ತಿರ ಹೇಳಿದ, ಮಳೆ ಬಂತು ಅನ್ನುವ ಹಾಗೆ.

ಶೋರೂಮಿನಲ್ಲಿ ಎಸ್ತೆರ್ ಎಂಬ ಹುಡುಗಿ ಇದ್ದಳು. ದೊಡ್ಡ ಕಾರಿನ ಬಾಗಿಲು ತೆಗೆದು, ಮಾಡಿನ ಗಾಜು ತೋರಿಸಿ, "ಸನ್‌ರೂಫ್ ಸರ್" ಎಂದಳು. ಆರು ತಿಂಗಳು ಮಳೆ ಸುರಿಯುವ ಊರಿನಲ್ಲಿ ಮಾಡಿಗೆ ತೂತು ಒಳ್ಳೆಯದಲ್ಲ ಎಂದು ಉಮಾವತಿ ಅಂದರು. ನೋಣಯ್ಯ ಕಾರಿನ ಎದುರು ನಿಂತು ಎರಡೂ ಕೈ ಅಗಲಿಸಿದ. ಬಾವಿಯ ಆಳವನ್ನು ಮಾರಿನಲ್ಲಿ ಅಳೆಯುವ ಮನೆಯವನು ಅವನು. ಟೇಪು ಹಿಡಿದವರಿಗಿಂತ ಅವನ ಕೈ ನಂಬಬಹುದು.

"ಅಂಕಲ್, ಎಂತ ನೋಡ್ತಿದ್ದೀರಿ?"

"ನಮ್ಮ ಪಾರ್ಕಿಂಗಿನಲ್ಲಿ ಎರಡು ಕಂಬ ಉಂಟು ಮಗಾ. ಅದರ ನಡುವೆ ಒಂದು ಮಾರು, ಮೇಲೆ ಒಂದು ಮೊಳ. ಇದು ನಿಲ್ತದೆ. ಬಾಗಿಲು ತೆಗೆಯಲಿಕ್ಕೆ ಆಗುವುದಿಲ್ಲ."

"ಕ್ಯಾಮೆರಾ ಉಂಟು ಅಂಕಲ್, ಸುತ್ತ ಕಾಣ್ತದೆ."

"ಕಂಬ ಕಾಣ್ತದೆ. ಕಂಬ ಸರಿಯುವುದಿಲ್ಲ."

ಎಸ್ತೆರ್ ನಕ್ಕಳು. ಆಮೇಲೆ ಅವಳು ಮಾತಾಡಿದ್ದು ನೋಣಯ್ಯನ ಹತ್ತಿರವೇ. ಅವನು ಕೇಳಿದ ಪ್ರಶ್ನೆಗಳು ಬೇರೆ. ನಾಲ್ಕು ಜನ ಕೂತು ಏಸಿ ಹಾಕಿ ಗುಡ್ಡ ಹತ್ತಿದರೆ ಎಷ್ಟು ಹೋಗುತ್ತದೆ? ಪೇಪರಿನಲ್ಲಿ ಬರೆದದ್ದು ಬೇಡ, ನಿಜ ಹೇಳು. ಆಷಾಢದಲ್ಲಿ ನಮ್ಮ ನೆಲಮಾಳಿಗೆಗೆ ಪಾದ ಮುಳುಗುವಷ್ಟು ನೀರು ಬರುತ್ತದೆ, ಆಗ ಎಂತ? ಮನೆಯ ಸಾದಾ ದೊಡ್ಡ ಪ್ಲಗ್ಗಿನಲ್ಲಿ ಚಾರ್ಜ್ ಆಗುತ್ತದಾ? ಶಬ್ದವೇ ಇಲ್ಲ ಅಂದರೆ ಕೆಟ್ಟದ್ದು ಗೊತ್ತಾಗುವುದು ಹೇಗೆ?

ಎಸ್ತೆರ್ ದೊಡ್ಡ ಕಾರಿನ ಬಾಗಿಲು ಮುಚ್ಚಿ, ಪಕ್ಕದ ಸಣ್ಣದರ ಹತ್ತಿರ ಕರೆದುಕೊಂಡು ಹೋದಳು. "ಇದು ನಿಜವಾಗಿ ನೂರ ಎಂಬತ್ತು ಹೋಗ್ತದೆ ಅಂಕಲ್. ಹತ್ತು ಲಕ್ಷ. ಸಾದಾ ಹದಿನೈದು ಆಂಪಿಯರಿನ ಪ್ಲಗ್ ಸಾಕು, ಒಂದು ರಾತ್ರಿಯಲ್ಲಿ ತುಂಬ್ತದೆ. ನಿಮ್ಮದು ವಾರಕ್ಕೆ ನೂರ ಮೂವತ್ತು ಅಂದ್ರಲ್ಲ, ವಾರಕ್ಕೆ ಒಂದು ಸಲ ಹಾಕಿದ್ರೆ ಆಯ್ತು. ಪ್ಲಗ್ ಗೋಡೆಯಲ್ಲಿ ಮೇಲೆ ಕೂರಿಸಿ, ನೀರು ಬಂದ್ರೂ ತೊಂದ್ರೆ ಇಲ್ಲ." ಆಮೇಲೆ ಸ್ವರ ತಗ್ಗಿಸಿ, "ನಾನು ಹೇಳಿದ್ದು ಅಂತ ಮ್ಯಾನೇಜರ್ ಹತ್ರ ಹೇಳ್ಬೇಡಿ" ಎಂದಳು.

ಅವಳಿಗೂ ದೊಡ್ಡದು ಮಾರಿದರೆ ಹೆಚ್ಚು ಕಮಿಷನ್. ಇದನ್ನು ಯಾಕೆ ಹೇಳುತ್ತೇನೆಂದರೆ, ಈ ಕತೆಯಲ್ಲಿ ಇಬ್ಬರು ತಮ್ಮ ಹೊಟ್ಟೆಗೆ ಹೊಡೆದುಕೊಂಡು ನಿಜ ಹೇಳಿದರು. ಒಬ್ಬಳು ಅವಳು.

ಓಡಿಸಿ ನೋಡಲಿಕ್ಕೆ ಕೊಟ್ಟ ಸಣ್ಣ ಕಾರನ್ನು ನೋಣಯ್ಯ ಅತ್ತಾವರದ ಏರಿಗೆ ತಂದ. ಆಸ್ಪತ್ರೆ ಬಿಡುವ ಹೊತ್ತು. ಎದುರು ಆಂಬುಲೆನ್ಸ್, ಹಿಂದೆ ಸಿಟಿ ಬಸ್ಸು, ಏರಿನ ಅರ್ಧದಲ್ಲಿ ಎಲ್ಲ ನಿಂತಿತು. ನೋಣಯ್ಯ ಬ್ರೇಕಿನಿಂದ ಕಾಲು ತೆಗೆದ. ಕಾರು ನಿಂತಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಕೂತ ಉಮಾವತಿ ಮುಂದಕ್ಕೆ ಬಗ್ಗಿದರು.

"ನೋಣಯ್ಯ, ಕಾಲು ತೆಗೆದಿದ್ದೀಯಾ?"

"ತೆಗೆದಿದ್ದೇನೆ ಉಮಕ್ಕ."

"ಹಿಂದೆ ಹೋಗ್ಲಿಲ್ಲ ಅಲ್ವಾ?"

"ಇಲ್ಲ."

"ಕ್ಲಚ್ಚು?"

"ಇಲ್ಲವೇ ಇಲ್ಲ."

ಉಮಾವತಿ ಹಿಂದಕ್ಕೆ ಒರಗಿ ಕೂತರು. ಕನ್ನಡಿಯಲ್ಲಿ ಅವರ ಮುಖ ನೋಡಿದ ನೋಣಯ್ಯನಿಗೆ ವಿಷಯ ಗೊತ್ತಾಯಿತು. ನಾಲ್ಕು ಸಲ ಸೋತ ಹೆಂಗಸು ಐದನೇ ಸಲ ಪರೀಕ್ಷೆ ಕಟ್ಟಲಿಕ್ಕೆ ಹೊರಟಿದ್ದಾಳೆ. ಅವರು ಗೆದ್ದರೆ ಆ ಮನೆಗೆ ಡ್ರೈವರ್ ಬೇಡ. ಐವತ್ತೆಂಟು ವರ್ಷದ ಡ್ರೈವರನ್ನು ಇನ್ನೊಂದು ಮನೆ ಇಟ್ಟುಕೊಳ್ಳುವುದೂ ಇಲ್ಲ.

ಆವತ್ತು ಮನೆಯಲ್ಲಿ ಅವನ ಹೆಂಡತಿ ಚಂಪಾ ಬೀಡಿ ಕಟ್ಟುವ ಸೂಪು, ಅಂದರೆ ಮೊರ, ತೊಡೆಯ ಮೇಲೆ ಇಟ್ಟುಕೊಂಡೇ ತೀರ್ಪು ಕೊಟ್ಟಳು.

"ದೊಡ್ಡದು ತೆಗೀರಿ ಅಂತ ಹೇಳಿ, ಬಾಯಿ ಮುಚ್ಚಿ ಕೂತ್ಕೊಳ್ಳಿ. ದೊಡ್ಡದಾದ್ರೆ ಉಮಕ್ಕ ಮುಟ್ಟುವುದಿಲ್ಲ. ಐದಾರು ವರ್ಷ ನಿಮ್ಮ ಕೆಲಸ ಉಂಟು."

"ಅದು ಕಂಬಕ್ಕೆ ತಾಗ್ತದೆ ಚಂಪಾ."

"ತಾಗ್ಲಿ. ಅವರ ಕಂಬ, ಅವರ ಕಾರು."

"ತಾಗುವುದು ನನ್ನ ಕೈಯಲ್ಲಿ ಅಲ್ವಾ?"

ಚಂಪಾ ಎಲೆ ಕತ್ತರಿಸಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಈ ಮನುಷ್ಯ ಯಾವ ಕಡೆ ಬೀಳುತ್ತಾನೆ ಅಂತ ಗೊತ್ತಿರುತ್ತದೆ.

ಮಾರನೇ ದಿನ ಲೋಕನಾಥರು ಕೇಳಿದರು. "ಮುಖೇಶ ದೊಡ್ಡದು ಅಂತ ಹಟ ಮಾಡ್ತಾನೆ. ಓಡಿಸುವವನು ನೀನು. ನೀನು ಹೇಳು, ಯಾವುದು?"

"ಸಣ್ಣದು."

"ಯಾಕೆ?"

"ನೀವು ಹೋಗುವ ದೂರಕ್ಕೆ ದೊಡ್ಡದು ತೆಗೆದ್ರೆ ಒಂದು ಲೋಟ ಚಾಕ್ಕೆ ಮದುವೆಯ ಹಂಡೆ ಇಟ್ಟ ಹಾಗೆ. ಕಂಬಕ್ಕೂ ತಾಗ್ತದೆ. ಮತ್ತೆ... ಸಣ್ಣದನ್ನು ಉಮಕ್ಕ ಸಹ ಬಿಡಬಹುದು."

ಇದನ್ನು ಯಾಕೆ ಹೇಳಿದೆ ಮಾರಾಯ, ಅದೊಂದನ್ನು ನುಂಗಬಹುದಿತ್ತಲ್ಲ ಎಂದು ನಾನು ಬೈದೆ. "ಕಾರಿನ ಬಗ್ಗೆ ಕೇಳಿದ್ರು, ಹೇಳಿದೆ" ಎಂದ. ಅದಕ್ಕಿಂತ ದೊಡ್ಡ ಕಾರಣ ಅವನ ಹತ್ತಿರ ಇರಲಿಲ್ಲ. ನಾನು ಹುಡುಕಿ ಕೊಡಲಿಕ್ಕೂ ಹೋಗುವುದಿಲ್ಲ.

ಸಣ್ಣದನ್ನೇ ತೆಗೆದರು, ಹನ್ನೊಂದು ಲಕ್ಷ ಉಳಿಯಿತು. ಫ್ಲಾಟಿನ ಕಮಿಟಿಯವರು ಪಾರ್ಕಿಂಗಿನಲ್ಲಿ ಪ್ಲಗ್ ಹಾಕಲಿಕ್ಕೆ ಎರಡು ತಿಂಗಳು ಸತಾಯಿಸಿದರು. ಬೆಂಕಿ ಹೊತ್ತಿದರೆ ಯಾರು ಹೊಣೆ ಎಂದು ಕೇಳಿದ ಕಾರ್ಯದರ್ಶಿಯ ಬೈಕು ನಿಲ್ಲುತ್ತಿದ್ದದ್ದು ಜನರೇಟರಿನ ಡೀಸೆಲ್ ಡಬ್ಬದ ಪಕ್ಕ. ಕಡೆಗೆ ಅನುಮತಿ ಸಿಕ್ಕಿತು. ವಯರಿಂಗಿನ ಅಯ್ಯೂಬನನ್ನು ಕರೆತಂದು, ಲೋಕನಾಥರ ಮೀಟರಿನಿಂದಲೇ ಪ್ರತ್ಯೇಕ ತಂತಿ ಎಳೆಸಿ, ಎದೆಯ ಎತ್ತರಕ್ಕೆ ಪ್ಲಗ್ ಕೂರಿಸಿದವನು ನೋಣಯ್ಯ. ಆ ಆಷಾಢದಲ್ಲಿ ನೀರು ಬಂತು, ಪ್ಲಗ್ಗಿನಿಂದ ಮೂರು ಅಡಿ ಕೆಳಗೆ ನಿಂತು ವಾಪಸು ಹೋಯಿತು.

ಉಮಾವತಿಯವರಿಗೆ ಡ್ರೈವಿಂಗ್ ಕಲಿಸಿದವನೂ ಅವನೇ. ಬೆಳಿಗ್ಗೆ ಆರಕ್ಕೆ, ರಸ್ತೆ ಖಾಲಿ ಇರುವ ದಿನ ನೋಡಿ. ಯಾವ ದಿನ ಅಂತ ಹೇಳಬೇಕಾ? ಭಾನುವಾರ. ಮೈದಾನದ ಸುತ್ತು, ಆಮೇಲೆ ಅತ್ತಾವರದ ಏರು, ಆಮೇಲೆ ಹೈವೇ. "ಕಾಲು ತೆಗೀರಿ ಉಮಕ್ಕ, ಅದು ಬೀಳುವುದಿಲ್ಲ." "ಬಿದ್ರೆ?" "ಬಿದ್ರೆ ನಾನಿದ್ದೇನೆ." ನಾಲ್ಕು ತಿಂಗಳಲ್ಲಿ ಲೈಸೆನ್ಸ್ ಕೈಗೆ ಬಂತು. ಐದನೇ ತಿಂಗಳು ಲೋಕನಾಥರು "ಬರುವ ತಿಂಗಳಿಂದ ನೀನು ಆರಾಮ ಮಾಡು" ಎಂದರು.

ಹೀಗೆ ನೋಣಯ್ಯನಿಗೆ ಮೊದಲ ರಜೆಯ ಭಾನುವಾರ ಸಿಕ್ಕಿತು. ಆವತ್ತು ನಾನು ಅವನ ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಗೇಟಿನ ಒಳಗೆ ಕಾರು ಬಂದದ್ದು ನಮಗೆ ಕೇಳಿಸಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಗೊತ್ತಾಯಿತು. ಸ್ಟೀರಿಂಗ್ ಹಿಡಿದವರು ಉಮಾವತಿ. ಪಕ್ಕದಿಂದ ಇಳಿದ ಲೋಕನಾಥರು ಮೇಲಿನ ಹಿಡಿ ಹಿಡಿದು ಹಿಡಿದು ಕೈ ಕೊಡಹುತ್ತಿದ್ದರು. ಮುಲ್ಕಿಗೆ ಹೋಗುವ ದಾರಿ. ಒಂಬತ್ತು ವರ್ಷದಲ್ಲಿ ಆ ಕುಟುಂಬದ ಕಾರು ಆ ಗೇಟಿಗೆ ಬಂದದ್ದು ಅದೇ ಮೊದಲು.

ಒಂದು ಶರ್ಟ್ ಪೀಸು, ಒಂದು ಕಿಲೋ ಸಿಹಿ, ಒಂದು ಲಕೋಟೆ ತಂದಿದ್ದರು. ಲಕೋಟೆಯಲ್ಲಿ ಒಂದು ತಿಂಗಳ ಸಂಬಳ, ಹದಿನೆಂಟು ಸಾವಿರ.

"ನೀನು ನಮ್ಮ ಮನೆಯವನ ಹಾಗೆ ನೋಣಯ್ಯ" ಎಂದರು ಲೋಕನಾಥರು.

ನೋಣಯ್ಯ ಕಾರಿನ ಸುತ್ತ ಒಂದು ಸುತ್ತು ಬಂದ. "ಎಡಗಡೆ ಹಿಂದಿನ ಟಯರಿನಲ್ಲಿ ಗಾಳಿ ಕಡಿಮೆ ಉಂಟು ಉಮಕ್ಕ. ಹೈವೇಗೆ ಹತ್ತುವ ಮೊದಲು ಹಾಕಿಸಿ."

ಚಂಪಾ ಚಾ ತಂದಿಟ್ಟಳು. ಸೆರಗಿನಲ್ಲಿ ಕೈ ಒರಸಿದಳು. "ಲೋಕಣ್ಣ, ಇವರ ಭಾನುವಾರದ್ದು?"

"ಯಾವ ಭಾನುವಾರ?"

"ರಜೆಯ ಭಾನುವಾರ. ದುಡಿದದ್ದು."

"ಅದೆಲ್ಲ ಮನೆಯವರ ನಡುವೆ ಎಂತ ಲೆಕ್ಕ ಚಂಪಾ?"

"ಮನೆಯವರಾದ್ರೆ ಪಾಲು ಕೊಡಿ. ಕೆಲಸದವರಾದ್ರೆ ಸಂಬಳ ಕೊಡಿ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ, ನಾವು ಹೂಂ ಅಂತೇವೆ."

ಲೋಕನಾಥರ ಮುಖ ಕೆಂಪಾಯಿತು. "ಎಷ್ಟು ಭಾನುವಾರ ಅಂತ ಯಾರಿಗೆ ಗೊತ್ತುಂಟು? ಬರೆದಿಟ್ಟದ್ದುಂಟಾ ನೀವು?"

"ನಾವು ಬರೀಲಿಲ್ಲ ಲೋಕಣ್ಣ" ಎಂದ ನೋಣಯ್ಯ, ಟಯರಿನ ಹತ್ತಿರದಿಂದಲೇ. "ನೀವೇ ಬರೆದದ್ದು. ಬ್ಯಾಟರಿಯ ಎಸ್ಟಿಮೇಟ್ ಮಾಡುವಾಗ. ಹಾಲಿನವನ ಕ್ಯಾಲೆಂಡರಿನ ಹಿಂದೆ. ನಾನೂರು."

ಉಮಾವತಿ ಗಂಡನ ಮುಖ ನೋಡಿದರು. ಆ ಹಾಳೆ ಅವರ ಮನೆಯ ಗೋಡೆಯಲ್ಲೇ ಇನ್ನೂ ನೇತಾಡುತ್ತಿತ್ತೋ ಏನೋ. "ಹೋಗುವಾ, ಅಕ್ಕ ಊಟಕ್ಕೆ ಕಾಯ್ತಾಳೆ" ಎಂದು ಲೋಕನಾಥರು ಎದ್ದರು. ಉಮಾವತಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅವರೂ ಹೋದರು. ಕಾರು ರಿವರ್ಸಿನಲ್ಲಿ ಗೇಟಿನಿಂದ ಹೊರಗೆ ಹೋಯಿತು, ಎಲ್ಲಿಯೂ ತಾಗಲಿಲ್ಲ. ಒಳ್ಳೆಯ ಗುರು ಕಲಿಸಿದ್ದು. ಚಾ ಎರಡು ಲೋಟ ಹಾಗೇ ಉಳಿಯಿತು, ನಾನು ಕುಡಿದೆ.

ಈಗ ನಾನು ಲೆಕ್ಕ ಹೇಳುತ್ತೇನೆ. ಹಳೆಯ ಕಡಿಮೆ ಸಂಬಳ, ಹೊಸ ಸಂಬಳ ಸೇರಿಸಿ ದಿನಕ್ಕೆ ಐನೂರು ಹಿಡಿದರೆ ಎರಡು ಲಕ್ಷ. ರಜೆಯ ದಿನಕ್ಕೆ ಎರಡು ಪಟ್ಟು ನಾನು ಕೇಳುತ್ತಿಲ್ಲ. ಡೀಸೆಲ್ ಬಿಟ್ಟು ಕರೆಂಟಿಗೆ ಬಂದದ್ದರಿಂದ ಲೋಕನಾಥರಿಗೆ ವರ್ಷಕ್ಕೆ ಇಪ್ಪತ್ತೆಂಟು ಸಾವಿರ ಉಳಿಯುತ್ತದೆ. ಆ ಉಳಿತಾಯ ಒಂದರಿಂದಲೇ ಏಳು ವರ್ಷ ಚಿಲ್ಲರೆಯಲ್ಲಿ ಪೂರ್ತಿ ತೀರಿಸಬಹುದು. ಬ್ಯಾಟರಿಗೆ ಎಂಟು ವರ್ಷ ಗ್ಯಾರಂಟಿ ಉಂಟು. ದೊಡ್ಡದು ತೆಗೆಯದೆ ಉಳಿದ ಹನ್ನೊಂದು ಲಕ್ಷದ ಮಾತು ನಾನು ಎತ್ತುವುದಿಲ್ಲ. ಅದನ್ನು ಉಳಿಸಿಕೊಟ್ಟವನೂ ಎತ್ತಿಲ್ಲ. ಇಷ್ಟನ್ನು ಬರೆದು ಲೋಕನಾಥರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ. ಮುಟ್ಟಿದ್ದಕ್ಕೆ ಸಹಿ ಬಂದಿದೆ. ಬೇರೆ ಎಂತದ್ದೂ ಬಂದಿಲ್ಲ. ನೋಣಯ್ಯ ಈಗ ವಾರದಲ್ಲಿ ಮೂರು ದಿನ ಬದಲಿ ಡ್ರೈವರ್ ಆಗಿ ಹೋಗುತ್ತಾನೆ, ಕರೆದರೆ.

ಇನ್ನು ನಿಮ್ಮ ಮಾತು. ಇದನ್ನು ಓದುವ ನಿಮ್ಮಲ್ಲಿ ಹಲವರ ಮನೆಯಲ್ಲಿ ಕಾರು ಉಂಟು, ಕಾರಿಗೆ ಡ್ರೈವರ್ ಉಂಟು. ಹೊಸ ಎಲೆಕ್ಟ್ರಿಕ್ ತೆಗೆಯುವ ಮೊದಲು ನೀವೂ ಲೆಕ್ಕ ಹಾಕುತ್ತೀರಿ. ಹಾಕಿ. ಕೆಳಗೆ ಇಳಿದು ಹಳೆಯ ಕಾರಿನ ಮೀಟರ್ ನೋಡಿ. ಅದರಲ್ಲಿ ಎಷ್ಟು ಕಿಲೋಮೀಟರ್ ಅವನ ರಜೆಯಲ್ಲಿ ಓಡಿದ್ದು ಅಂತ ಅವನನ್ನೇ ಕರೆದು ಕೇಳಿ. ಅವನಿಗೆ ಗೊತ್ತಿರುತ್ತದೆ. ಶರ್ಟ್ ಪೀಸು ಬೇಡ, ಸಿಹಿ ಬೇಡ. ಅವನ ದುಡ್ಡು ಅವನಿಗೆ ಕೊಡಿ. ಬರುವ ಭಾನುವಾರದೊಳಗೆ ಕೊಡಿ.